ಸೈಲೆನ್ಸರ್ ಇರೋದು ಹೊರಗೆ, ಸದ್ದು ಯಾಕೆ ಒಳಗೆ?

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಗೋಳು, ಕಾರೊಳಗೆ ಕೂತ್ರೆ ಸೈಲೆನ್ಸರ್ ಸದ್ದು ತಲೆ ತಿನ್ನತ್ತೆ ಅಂತ. ಬೆಂಗ್ಳೂರಲ್ಲಿ ಮನೆಗಿಂತ ಜಾಸ್ತಿ ಹೊತ್ತು ಕಾರಲ್ಲೇ ಕೂತಿರೋ ಜನ ನಾವು, ಕಿರಿಕಿರಿ ಆಗದೆ ಇನ್ನೇನು. ಟೈರು, ಬ್ಯಾಟರಿ, ಇನ್ಶೂರೆನ್ಸ್ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಎತ್ತಿಟ್ಟಿದೀನಿ, ಕೇಳಿದವರು ಬೇಜಾರು ಮಾಡ್ಕೋಬೇಡಿ. ಇವತ್ತು ಪೂರ್ತಿ ಸೈಲೆನ್ಸರ್ ಪುರಾಣ.

ಪ್ರಶ್ನೆ: ಸಾರ್, ನನ್ನದು ಒಂಬತ್ತು ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್, ನಾಲ್ಕು ಸಿಲಿಂಡರು. ಊರೊಳಗೆ ಏನೂ ಗೊತ್ತಾಗಲ್ಲ. ನೈಸ್ ರೋಡಿಗೆ ಹತ್ತಿ 80ರಲ್ಲಿ ಹೋಗ್ತಿದ್ರೆ, ಮೀಟರಲ್ಲಿ 2400 ಆರ್‌ಪಿಎಂ ತೋರಿಸತ್ತೆ, ಆಗ ಗುಮ್ಮ್ ಅಂತ ಒಂದು ಸದ್ದು ಶುರು ಆಗತ್ತೆ, 90 ದಾಟಿದ್ರೆ ಕಮ್ಮಿ ಆಗತ್ತೆ. ಹಿಂದೆ ಕೂರೋ ಅಮ್ಮನಿಗೆ ಕಿವಿ ಅದುಮಿದ ಹಾಗಾಗಿ ತಲೆನೋವು ಬರತ್ತಂತೆ. ಒಂದು ಅಂಗಡಿಯಲ್ಲಿ ಕೇಳಿದ್ರೆ ಇಡೀ ಗಾಡಿಗೆ ಡ್ಯಾಂಪಿಂಗ್ ಶೀಟ್ ಹಾಕಿಸಿ, 18 ಸಾವಿರ ಆಗತ್ತೆ, ಸದ್ದೇ ಇರಲ್ಲ ಅಂದ್ರು. ಮೊಬೈಲ್ ಆ್ಯಪಲ್ಲಿ ಅಳೆದ್ರೆ 66 ಡೆಸಿಬೆಲ್ ಬರತ್ತೆ, ಫ್ರೆಂಡ್‌ನ ಹೊಸ ಗಾಡಿಯಲ್ಲೂ ಅಷ್ಟೇ ಬಂತು. ಹಾಗಾದ್ರೆ ನಮ್ಮ ಕಿವಿಯದ್ದೇ ತೊಂದರೆನಾ? ಶೀಟ್ ಹಾಕಿಸ್ಲಾ?
– ವಿಜಯನಗರದ ಓದುಗರು

ಉತ್ತರ: 18 ಸಾವಿರ ಬೀರುವಲ್ಲೇ ಇರ್ಲಿ, ಸದ್ಯಕ್ಕೆ ಮುಟ್ಟಬೇಡಿ. ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ, 2400ರಲ್ಲಿ ಬರತ್ತೆ, ದಾಟಿದ್ರೆ ಹೋಗತ್ತೆ ಅಂದ್ರಲ್ಲ, ಅದೇ. ನಾಲ್ಕು ಸಿಲಿಂಡರ್ ಇಂಜಿನ್ನು ಒಂದು ಸುತ್ತು ತಿರುಗೋ ಹೊತ್ತಿಗೆ ಎರಡು ಸಲ ಪೆಟ್ರೋಲ್ ಉರಿಯತ್ತೆ, 2400 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ 40 ಸುತ್ತು, ಸೋ ಸೈಲೆನ್ಸರ್ ಪೈಪೊಳಗೆ ಸೆಕೆಂಡಿಗೆ 80 ಗುದ್ದು. 80 ಹರ್ಟ್ಜ್ ಅಂದ್ರೆ ಗಣೇಶನ ಮೆರವಣಿಗೆಯಲ್ಲಿ ಡಿಜೆ ಬಾಕ್ಸಿಂದ ಎದೆಗೆ ಬಡಿಯೋ ಬೇಸ್ ಇರತ್ತಲ್ಲ, ಆ ಜಾತಿ ಸದ್ದು. ಇದರ ಒಂದೊಂದು ಅಲೆ ನಾಲ್ಕು ಮೀಟರಿಗೂ ಉದ್ದ, ನಿಮ್ಮ ಇಡೀ ಗಾಡಿಯೇ ನಾಲ್ಕು ಮೀಟರ್ ಒಳಗಿರೋದು. ಇಂಥದ್ದನ್ನ ತಡೆಯೋಕೆ ಎರಡು ಮಿಲಿಮೀಟರ್ ಶೀಟು, ಒಂದಿಂಚು ಫೋಮು ಹಾಕೋದು ಅಂದ್ರೆ ಆನೆ ಬರ್ತಿದೆ ಅಂತ ಸೊಳ್ಳೆಪರದೆ ಕಟ್ಟಿದ ಹಾಗೆ.

ಆ್ಯಪ್ ನಂಬಿ ಕಿವಿನ ಬೈಬೇಡಿ. ಆ ಆ್ಯಪ್‌ಗಳು ಸಾಮಾನ್ಯವಾಗಿ ಎ-ವೆಯ್ಟಿಂಗ್ ಅನ್ನೋ ಲೆಕ್ಕದಲ್ಲಿ ಅಳೀತವೆ, ಅದು ದಪ್ಪ ಸದ್ದನ್ನ ಬೇಕಂತಲೇ ಕಮ್ಮಿ ಮಾಡಿ ತೋರಿಸತ್ತೆ, 80 ಹರ್ಟ್ಜ್ ಹತ್ರ ಸುಮಾರು 22 ಡೆಸಿಬೆಲ್ ಕಳೆದುಬಿಡತ್ತೆ. ಹಾಗಾಗಿ ನಿಮ್ಮ ಗಾಡಿಯ ಗುಮ್ಮ್ ಆ ಲೆಕ್ಕದಲ್ಲಿ ಹೆಚ್ಚುಕಡಿಮೆ ಹಾಜರಿಯೇ ಹಾಕಲ್ಲ, ಅಮ್ಮನ ತಲೆಗೆ ಮಾತ್ರ ಸರಿಯಾಗಿ ಹಾಕತ್ತೆ. ಅಮ್ಮ ಹೇಳಿದ್ದೇ ಕರೆಕ್ಟು. ಫೋನಲ್ಲೇ ನೋಡ್ಬೇಕು ಅಂದ್ರೆ ಸ್ಪೆಕ್ಟ್ರಮ್, ಅಂದ್ರೆ ಯಾವ ಹರ್ಟ್ಜ್‌ನಲ್ಲಿ ಎಷ್ಟು ಸದ್ದು ಅಂತ ಬಿಡಿಸಿ ತೋರಿಸೋ ಆ್ಯಪ್ ಹಾಕಿ ಹಿಂದಿನ ಸೀಟಲ್ಲಿ ಹಿಡಿದು ಕೂತ್ಕೊಳ್ಳಿ, 80 ಹರ್ಟ್ಜ್ ಹತ್ರ ಒಂದು ಗೋಪುರ ಎದ್ದು ನಿಲ್ಲತ್ತೆ, ಅದೇ ನಿಮ್ಮ ಕಳ್ಳ.

ಈಗ ಆ ಕಳ್ಳ ಯಾವ ಬಾಗಿಲಿಂದ ಒಳಗೆ ಬಂದ ಅನ್ನೋದು. ಸೈಲೆನ್ಸರ್ ಸದ್ದಿಗೆ ಒಳಗೆ ಬರೋಕೆ ಎರಡು ದಾರಿ. ಒಂದು ಗಾಳಿಯಲ್ಲಿ, ಪೈಪಿನ ತೂತಿಂದಲೋ ಬಾಲದಿಂದಲೋ ಹೊರಗೆ ಬಂದು, ಡಿಕ್ಕಿಯ ಸಂದಿಗೊಂದಿಲಿ ನುಗ್ಗಿ. ಇನ್ನೊಂದು ಕಬ್ಬಿಣದಲ್ಲಿ, ಪೈಪು ನಡುಗತ್ತೆ, ಪೈಪು ಬಾಡಿಗೆ ಎಲ್ಲೋ ತಾಗ್ತಿರತ್ತೆ, ಬಾಡಿ ಪೂರ್ತಿ ತಮಟೆ ಆಗತ್ತೆ. ಒಂಬತ್ತು ವರ್ಷದ ಗಾಡಿ, ಒಂದೇ ಒಂದು ಆರ್‌ಪಿಎಂನಲ್ಲಿ ಮಾತ್ರ ಗುಮ್ಮ್ ಅನ್ನತ್ತೆ ಅಂದ್ರೆ ನನ್ನ ಅನುಮಾನ ಎರಡನೇದರ ಮೇಲೆ.

ಯಾಕಂದ್ರೆ ಈ ತಪ್ಪು ಮಾಡಿ ಕೈ ಸುಟ್ಕೊಂಡವನು ನಾನೇ. ನನ್ನ ಹಳೇ ಗಾಡಿಗೂ ಇದೇ ರೋಗ ಇತ್ತು. ಒಂದು ಶನಿವಾರ ಭಾನುವಾರ ಪೂರ್ತಿ ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ಕೂತು ಸೀಟೆಲ್ಲ ಬಿಚ್ಚಿ, ಮ್ಯಾಟಿಂಗ್ ಎತ್ತಿ, ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿ ಮಾಡಿ ಶೀಟ್ ಅಂಟಿಸಿದೆ, ಹೆಂಡತಿ ಊಟಕ್ಕೆ ಕರೆದು ಕರೆದು ಸುಸ್ತಾದಳು. ಸೋಮವಾರ ರೋಡಿಗೆ ಇಳಿದ್ರೆ ಗಾಳಿ ಸದ್ದು ಇಲ್ಲ, ಟೈರ್ ಸದ್ದೂ ಕಮ್ಮಿ, ಗುಮ್ಮ್ ಮಾತ್ರ ಮೊದಲಿಗಿಂತ ಸ್ಪಷ್ಟವಾಗಿ ಕೇಳ್ತಿದೆ! ಆಮೇಲೆ ಪಿಟ್ ಇರೋ ಒಂದು ಗ್ಯಾರೇಜಿಗೆ ಹೋಗಿ ಕೆಳಗಿಳಿದು ಟಾರ್ಚ್ ಬಿಟ್ಟು ನೋಡಿದ್ರೆ, ಹಿಂದಿನ ಸೈಲೆನ್ಸರ್ ನೇತಾಡಿಸೋ ರಬ್ಬರ್ ಒಂದು ಹರಿದು ಹೋಗಿತ್ತು, ಯಾವಾಗಲೋ ಸರ್ವೀಸಿಗೆ ಬಿಟ್ಟಾಗ ಯಾರೋ ಪುಣ್ಯಾತ್ಮರು ಆ ಜಾಗಕ್ಕೆ ಕಟ್ಟಡ ಕಟ್ಟೋ ಬೈಂಡಿಂಗ್ ವೈರ್ ಸುತ್ತಿ ಬಿಗಿಯಾಗಿ ಕಟ್ಟಿಬಿಟ್ಟಿದ್ರು. ರಬ್ಬರ್ ಇರೋದೇ ನಡುಕ ನುಂಗೋಕೆ, ವೈರು ಏನು ನುಂಗತ್ತೆ, ವೀಣೆ ತಂತಿ ಥರ ನೆಟ್ಟಗೆ ಡಿಕ್ಕಿ ತಳಕ್ಕೆ ದಾಟಿಸ್ತಿತ್ತು. ಹೊಸ ರಬ್ಬರಿಗೆ ಇನ್ನೂರು ರೂಪಾಯಿ ಆಗಲಿಲ್ಲ, ಶೀಟಿಗೆ ಎಷ್ಟಾಯ್ತು ಅಂತ ಇಲ್ಲಿ ಬರೆಯಲ್ಲ, ಮನೇಲೂ ಈ ಪತ್ರಿಕೆ ಓದ್ತಾರೆ.

ಹಾಗಾಗಿ ನೀವು ಮಾಡ್ಬೇಕಾದ್ದು. ಬಯಲಲ್ಲಿ ಗಾಡಿ ನಿಲ್ಲಿಸಿ, ಬೇಸ್‌ಮೆಂಟಲ್ಲಿ ಬೇಡ, ಹ್ಯಾಂಡ್‌ಬ್ರೇಕ್ ಎಳೆದು ನ್ಯೂಟ್ರಲ್‌ನಲ್ಲಿ ಒಬ್ಬರು ನಿಧಾನಕ್ಕೆ 2400ರ ತನಕ ರೈಸ್ ಮಾಡ್ಲಿ, ನೀವು ಅಮ್ಮ ಕೂರೋ ಜಾಗದಲ್ಲೇ ಕೂತ್ಕೊಳ್ಳಿ. ನಿಂತಲ್ಲೇ ಗುಮ್ಮ್ ಬಂತು ಅಂದ್ರೆ ಟೈರು, ಬೇರಿಂಗ್ ಎಲ್ಲ ನಿರಪರಾಧಿ, ಇಂಜಿನ್ನು ಇಲ್ಲ ಸೈಲೆನ್ಸರ್ರೇ. ನಿಂತಾಗ ಬರದೆ ಆಕ್ಸಿಲೇಟರ್ ತುಳಿದು ಎಳೆಯುವಾಗ ಮಾತ್ರ ಬಂದ್ರೆ ಇಂಜಿನ್ ಮೌಂಟಿಂಗ್, ಅಂದ್ರೆ ಇಂಜಿನ್ನನ್ನ ಬಾಡಿಗೆ ಕೂರಿಸೋ ರಬ್ಬರ್ ದಿಂಬು, ನೋಡಿಸಿ, ಲೋಡ್ ಬಿದ್ದಾಗ ಇಂಜಿನ್ ಒಂದು ಕಡೆ ವಾಲತ್ತೆ, ಮೌಂಟಿಂಗ್ ಸತ್ತಿದ್ರೆ ಜಾಸ್ತಿ ವಾಲಿ ಪೈಪನ್ನ ಬಾಡಿಗೆ ಒತ್ತತ್ತೆ. ಏರ್ ಫಿಲ್ಟರ್ ಡಬ್ಬಿ ಒಡೆದಿದ್ರೂ, ಕ್ಲಿಪ್ ಸರಿ ಕೂತಿರದಿದ್ರೂ ತುಳಿದಾಗ ಇದೇ ಥರ ಬುರ್ರ್ ಅನ್ನತ್ತೆ, ಎಷ್ಟೋ ಜನ ಅದನ್ನೂ ಸೈಲೆನ್ಸರ್ ಅಂದ್ಕೊಂಡು ಸೈಲೆನ್ಸರ್ ಬದಲಾಯಿಸಿದಾರೆ.

ಆಮೇಲೆ ಪಿಟ್ಟಿಗೆ ಹಾಕಿಸಿ, ಪೈಪ್ ಪೂರ್ತಿ ತಣ್ಣಗಾದ ಮೇಲೆ. ಸೈಲೆನ್ಸರನ್ನ ಕೈಯಲ್ಲಿ ಹಿಡಿದು ಅತ್ತಿತ್ತ ಅಲ್ಲಾಡಿಸಿ, ಬಾಳೆಗೊನೆ ನೇತಾಕಿದ ಹಾಗೆ ಮೆತ್ತಗೆ ಆಡ್ಬೇಕು, ಎಲ್ಲೂ ಠಕ್ ಅನ್ನಬಾರದು. ರಬ್ಬರ್ ಒಂದೊಂದನ್ನೂ ಉಗುರಿಂದ ಒತ್ತಿ ನೋಡಿ, ಮೇಲಿಂದ ಚೆನ್ನಾಗಿ ಕಂಡ್ರೂ ಕಂಬಿ ಕೂರೋ ತೂತಿನ ಒಳಗಡೆ ಸೀಳಿರತ್ತೆ. ಪೈಪಿನ ಮೇಲೋ ಬಾಡಿ ಮೇಲೋ ಫಳಫಳ ಉಜ್ಜಿದ ಗುರುತಿದ್ರೆ ಅಲ್ಲೇ ತಾಗ್ತಿದೆ ಅಂತ ಅರ್ಥ. ಕೊನೆಗೆ ಎರಡೂ ಸೈಲೆನ್ಸರಿಗೆ, ನಡುವಿನ ಚಿಕ್ಕದು ಮತ್ತೆ ಹಿಂದಿನ ದೊಡ್ಡದು, ಮುಷ್ಟಿಯಲ್ಲಿ ಗುದ್ದಿ. ಗಲ ಗಲ ಅಂದ್ರೆ ಒಳಗಿನ ತಗಡು ತುಕ್ಕು ಹಿಡಿದು ಕಳಚಿದೆ, ಅದನ್ನ ಬದಲಾಯಿಸದೆ ಬೇರೆ ದಾರಿ ಇಲ್ಲ. ಬದಲಾಯಿಸುವಾಗ ಅಗ್ಗದ ಲೋಕಲ್ ಮಾಲು ಕೊಟ್ರೆ ನಿಮ್ಮ ಹಳೇದನ್ನ ಒಂದು ಕೈಯಲ್ಲಿ ಹೊಸದನ್ನ ಇನ್ನೊಂದು ಕೈಯಲ್ಲಿ ಎತ್ತಿ ನೋಡಿ, ಹೊಸದು ಹಗುರ ಅನ್ನಿಸಿದ್ರೆ ಒಳಗೆ ತಗಡೂ ಇಲ್ಲ, ತುಂಬೋ ಉಣ್ಣೆಯೂ ಇಲ್ಲ ಅಂತ ತಿಳ್ಕೊಳ್ಳಿ, ಗುಮ್ಮ್ ಇನ್ನೂ ಜಾಸ್ತಿ ಆಗತ್ತೆ.

ಇದೆಲ್ಲ ಸರಿ ಮಾಡಿದ ಮೇಲೂ ಸ್ವಲ್ಪ ಉಳೀತು ಅಂದ್ರೆ ಆಗ ಶೀಟು, ಅದೂ ಡಿಕ್ಕಿ ತಳ ಮತ್ತೆ ಸ್ಟೆಪ್ನಿ ಗುಂಡಿಗೆ ಮಾತ್ರ. ಬೆರಳ ಗೆಣ್ಣಿಂದ ತಗಡು ಬಡಿದು ನೋಡಿ, ಡಂಯ್ ಅಂತ ಮೊಳಗೋ ಕಡೆ ಅಂಟಿಸಿ, ಠಪ್ ಅನ್ನೋ ಕಡೆ ಬೇಡ. ಬ್ಯುಟೈಲ್ ಅನ್ನೋ ರಬ್ಬರಿನ ಶೀಟೇ ತಗೊಳ್ಳಿ, ಡಾಂಬರಿಂದು ಏಪ್ರಿಲ್ ಬಿಸಿಲಿಗೆ ಕರಗಿ ಗಾಡಿ ಪೂರ್ತಿ ರಸ್ತೆ ಹಾಕೋ ವಾಸನೆ. ಅಲ್ಲೀತನಕ ನೈಸ್ ರೋಡಲ್ಲಿ 75ರಲ್ಲಿ ಹೋಗಿ, ಅಮ್ಮ ಬದುಕ್ಕೋತಾರೆ.

ಪ್ರಶ್ನೆ: ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಬಾನೆಟ್ ಕಡೆಯಿಂದ ಟಿಕ್ ಟಿಕ್ ಟಿಕ್ ಅಂತ ಜೋರು ಸದ್ದು, ಹೆಬ್ಬಾಳ ಫ್ಲೈಓವರ್ ಮುಟ್ಟೋ ಹೊತ್ತಿಗೆ ನಿಂತುಹೋಗತ್ತೆ. ಆದ್ರೆ ಸಿಗ್ನಲ್ಲಲ್ಲಿ ನಿಂತಾಗ ಒಳಗೆ ಹೊಗೆ ವಾಸನೆ, ಮಗಳಿಗೆ ವಾಕರಿಕೆ ಬರತ್ತೆ. ಮೆಕ್ಯಾನಿಕ್ ಟ್ಯಾಪೆಟ್ (ಇಂಜಿನ್ನಿನ ವಾಲ್ವ್ ತಳ್ಳೋ ಭಾಗ) ಸದ್ದು, ಬಿಸಿ ಆದ್ಮೇಲೆ ಹೋಗತ್ತೆ ಬಿಡಿ ಮೇಡಂ ಅಂತಾರೆ. ಮೈಲೇಜೂ ಕಮ್ಮಿ ಆಗಿದೆ.
– ಯಲಹಂಕದ ಓದುಗರು

ಉತ್ತರ: ಮೇಡಂ, ಇದನ್ನ ಬಿಡೋ ಹಾಗಿಲ್ಲ, ಈ ವಾರವೇ ನೋಡಿಸಿ. ಸದ್ದಿನ ಮಾತು ಆಮೇಲೆ, ಮೊದಲು ಮಗಳ ವಾಕರಿಕೆ. ಸೈಲೆನ್ಸರ್ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರತ್ತೆ, ಅದಕ್ಕೆ ಬಣ್ಣ ಇಲ್ಲ, ವಾಸನೆಯೂ ಇಲ್ಲ, ನಿಮಗೆ ಬರ್ತಿರೋದು ಬೇರೆ ಹೊಗೆಯ ವಾಸನೆ, ಅದರ ಜೊತೆಗೆ ಇದೂ ಬರ್ತಿರಬಹುದು. ತಲೆನೋವು, ತಲೆಸುತ್ತು, ವಾಕರಿಕೆ ಇದರ ಮೊದಲ ಲಕ್ಷಣ. ರಿಪೇರಿ ಆಗೋತನಕ ಆ ಗಾಡಿಯಲ್ಲಿ ಮಗಳನ್ನ ಕರ್ಕೊಂಡು ಹೋಗ್ಬೇಡಿ, ನೀವು ಓಡಿಸಲೇಬೇಕು ಅಂದ್ರೆ ಗ್ಯಾರೇಜ್ ತನಕ ಮಾತ್ರ, ಕಿಟಕಿ ಪೂರ್ತಿ ಇಳಿಸಿಕೊಂಡು.

ತಣ್ಣಗಿದ್ದಾಗ ಟಿಕ್ ಟಿಕ್, ಬಿಸಿ ಆದ್ಮೇಲೆ ನಿಲ್ಲತ್ತೆ ಅನ್ನೋದು ಟ್ಯಾಪೆಟ್ಟಿಗೂ ಇರಬಹುದು, ಸುಳ್ಳಲ್ಲ. ಆದ್ರೆ ಹೊಗೆ ವಾಸನೆ ಜೊತೆಗಿದೆ ಅಂದ್ರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅಂದ್ರೆ ಇಂಜಿನ್ನಿಂದ ಹೊಗೆ ಹೊರಗೆ ಬರೋ ಮೊದಲ ಪೈಪು, ಸೀಳಿದೆ ಇಲ್ಲ ಅದರ ಪ್ಯಾಕಿಂಗ್ ಹೋಗಿದೆ ಅಂತಲೇ ಮೊದಲು ಅನುಮಾನ ಪಡಬೇಕು. ಕಬ್ಬಿಣ ಬಿಸಿಗೆ ಹಿಗ್ಗಿ ಸೀಳು ಮುಚ್ಕೊಳತ್ತೆ, ಅಷ್ಟೇ, ವಾಸಿ ಆಗಲ್ಲ. ಮೈಲೇಜಿಗೂ ಇದಕ್ಕೂ ಸಂಬಂಧ ಇದೆ: ಆ ಸೀಳಿಂದ ಹೊರಗಿನ ಗಾಳಿ ಒಳಗೆ ಎಳ್ಕೊಂಡು ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಅಂತ ಅಳೆಯೋ ಆಕ್ಸಿಜನ್ ಸೆನ್ಸರಿಗೆ ಸುಳ್ಳು ಲೆಕ್ಕ ಹೋಗತ್ತೆ, ಇಂಜಿನ್ನಿನ ಕಂಪ್ಯೂಟರ್ ಪೆಟ್ರೋಲ್ ಸಾಲ್ತಿಲ್ಲ ಅಂದ್ಕೊಂಡು ಜಾಸ್ತಿ ಸುರಿಯತ್ತೆ.

ಮೆಕ್ಯಾನಿಕ್ ಮುಂದೆ ನಿಂತು ಒಂದು ಪರೀಕ್ಷೆ ಮಾಡಿಸಿ. ರಾತ್ರಿಯೆಲ್ಲ ನಿಂತು ತಣ್ಣಗಿರೋ ಗಾಡಿ ಸ್ಟಾರ್ಟ್ ಮಾಡಿ, ದಪ್ಪ ಗ್ಲೌಸ್ ಹಾಕಿ ಸೈಲೆನ್ಸರ್ ಬಾಯಿಗೆ ಒದ್ದೆ ಬಟ್ಟೆ ಒಂದೈದು ಸೆಕೆಂಡು ಒತ್ತಿ ಹಿಡೀಬೇಕು. ಎಲ್ಲೂ ಲೀಕ್ ಇಲ್ಲ ಅಂದ್ರೆ ಉಸಿರು ಕಟ್ಟಿ ಇಂಜಿನ್ ಆಫ್ ಆಗೋಕೆ ನೋಡತ್ತೆ, ಲೀಕ್ ಇದ್ರೆ ಅಲ್ಲಿಂದ ಫುಸ್ ಫುಸ್ ಅಂತ ಸದ್ದು ಜೋರಾಗತ್ತೆ. ಲೀಕ್ ಆಗೋ ಜಾಗದ ಸುತ್ತ ಮಸಿ ಮೆತ್ತಿರೋದೂ ಕಾಣತ್ತೆ. ಬಾನೆಟ್ ಕೆಳಗಿನ ಬಲೆ ಹೆಣೆದ ಹಾಗಿರೋ ಫ್ಲೆಕ್ಸಿಬಲ್ ಪೈಪನ್ನೂ ನೋಡಿಸಿ, ನಮ್ಮ ಹಂಪುಗಳಿಗೆ ಅದೇ ಮೊದಲ ಬಲಿ.

ಹೊಗೆ ಒಳಗೆ ಬರೋ ದಾರಿಯನ್ನೂ ಮುಚ್ಚಿಸಿ. ಡಿಕ್ಕಿ ಸುತ್ತಿನ ರಬ್ಬರ್ ಚಪ್ಪಟೆ ಆಗಿದ್ಯಾ, ರಿವರ್ಸ್ ಕ್ಯಾಮೆರಾ ಹಾಕಿಸಿದಾಗ ವೈರಿಗೆ ಕೊರೆದ ತೂತು ಹಾಗೇ ಬಿಟ್ಟಿದಾರಾ ಅಂತ. ಹಿಂದಿನ ಬಂಪರ್ ಒಳಗೆ ಗಾಳಿ ಹೊರಗೆ ಹೋಗೋಕೆ ಅಂತ ರಬ್ಬರ್ ರೆಕ್ಕೆಯ ಚಿಕ್ಕ ಕಿಂಡಿ ಇರತ್ತೆ, ರೆಕ್ಕೆ ಮುರಿದಿದ್ರೆ ಅಲ್ಲಿಂದ ಹೊಗೆಯೂ ಬರತ್ತೆ, ಸದ್ದೂ ಬರತ್ತೆ. ಅದನ್ನ ಟೇಪ್ ಹಾಕಿ ಮುಚ್ಚಬೇಡಿ ಮತ್ತೆ, ರೆಕ್ಕೆ ಸರಿ ಮಾಡಿಸಿ.

ಪ್ರಶ್ನೆ: ಮೂರೇ ವರ್ಷಕ್ಕೆ ಸೈಲೆನ್ಸರ್ ತೂತು ಬಿದ್ದಿದೆ, ಟ್ರ್ಯಾಕ್ಟರ್ ಥರ ಸದ್ದು. ಗಾಡಿ ಇನ್ನೂ 9 ಸಾವಿರ ಕಿಲೋಮೀಟರೂ ಓಡಿಲ್ಲ! ಬೆಳಿಗ್ಗೆ ಮಾರ್ಕೆಟ್ಟು, ದೇವಸ್ಥಾನ, ಸಂಜೆ ಮೊಮ್ಮಗನ ಟ್ಯೂಷನ್ನು, ಅಷ್ಟೇ. ಸೈಲೆನ್ಸರಿಂದ ನೀರು ತೊಟ್ಟಿಕ್ಕತ್ತೆ. ಮಳೆ ನೀರು ಹೋಗಿರಬಹುದಾ?
– ಮಲ್ಲೇಶ್ವರದ ಓದುಗರು

ಉತ್ತರ: ಓಡಿಸದೇ ಇದ್ದದ್ದಕ್ಕೇ ತೂತು ಬಿದ್ದಿದ್ದು ಸಾರ್. ಅದು ಮಳೆ ನೀರಲ್ಲ, ಪೆಟ್ರೋಲೇ ನೀರಾಗಿರೋದು. ಒಂದು ಲೀಟರ್ ಪೆಟ್ರೋಲ್ ಉರಿದ್ರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹಬೆಯಾಗಿ ಹೊರಗೆ ಬರತ್ತೆ. ದೂರ ಓಡಿಸಿದ್ರೆ ಸೈಲೆನ್ಸರ್ ಕಾದು ಹಬೆ ಹಬೆಯಾಗೇ ಹೋಗತ್ತೆ, ನಿಮ್ಮ ಥರ ಎಂಟನೇ ಕ್ರಾಸಿಂದ ಹದಿನೈದನೇ ಕ್ರಾಸಿಗೆ ಹೋಗಿ ಆಫ್ ಮಾಡಿದ್ರೆ ಹಿಂದಿನ ಡಬ್ಬಿ ಕಾಯೋದೇ ಇಲ್ಲ, ಅಲ್ಲೇ ನೀರಾಗಿ ನಿಂತು ಒಳಗಿಂದ ತಿನ್ನತ್ತೆ.

ತೂತು ಒಂದೇ ಕಡೆ ಇದ್ರೆ ವೆಲ್ಡಿಂಗ್ ಮಾಡಿಸಬಹುದು, ಆದ್ರೆ ಒಳಗಿಂದ ತುಕ್ಕು ಬಂದಿರೋ ತಗಡಿಗೆ ವೆಲ್ಡಿಂಗ್ ಅಂದ್ರೆ ಹರಿದ ಬನಿಯನ್ನಿಗೆ ಹೊಲಿಗೆ ಹಾಕಿದ ಹಾಗೆ, ಪಕ್ಕದಲ್ಲಿ ಬಿಡತ್ತೆ. ಹೊಸದು ಹಾಕಿಸಿದ ಮೇಲೆ ವಾರಕ್ಕೆ ಒಂದು ಸಲ ಅರ್ಧ ಗಂಟೆ ತುಮಕೂರು ರೋಡ್ ಕಡೆ ಹೋಗಿ ಬನ್ನಿ, ಮೊಮ್ಮಗನೂ ಖುಷಿ ಆಗ್ತಾನೆ. ಡಬ್ಬಿ ಕೆಳಗೆ ಸೂಜಿಯಷ್ಟು ಸಣ್ಣ ತೂತು ಕಂಡ್ರೆ ಅದು ಕಂಪನಿಯವರೇ ನೀರು ಹೋಗ್ಲಿ ಅಂತ ಬಿಟ್ಟಿರೋದು, ಯಾರಾದ್ರೂ ಎಂ-ಸೀಲ್ ಹಿಡಿದುಕೊಂಡು ಬಂದ್ರೆ ಓಡಿಸಿ.

ಪ್ರಶ್ನೆ: ಬ್ರೋ, ಕಂಪನಿ ಸೈಲೆನ್ಸರ್ ತೆಗೆದು ಫ್ರೀ-ಫ್ಲೋ ಎಕ್ಸಾಸ್ಟ್, ಹೊಗೆ ತಡೆ ಇಲ್ಲದೆ ಹೋಗೋ ಸೈಲೆನ್ಸರ್, ಹಾಕಿಸಿದೀನಿ, ಹೊರಗೆ ಸೌಂಡ್ ಸೂಪರ್. ಒಳಗೆ ಮಾತ್ರ ಹೈವೇಲಿ ಡ್ರೋನ್, ಅದೇ ಒಂದೇ ಸಮನೆ ಗುಂಯ್ ಅನ್ನೋ ಸದ್ದು, ತಡ್ಕೊಳಕ್ಕಾಗಲ್ಲ, ಫೋನಲ್ಲಿ ಮಾತಾಡಿದ್ರೆ ಕೇಳಲ್ಲ. ಜೆ-ಪೈಪ್ ವೆಲ್ಡ್ ಮಾಡಿಸಿದ್ರೆ ಹೋಗತ್ತೆ ಅಂತಾರೆ ಫ್ರೆಂಡ್ಸ್, ನಿಜಾನಾ?
– ಬಿಟಿಎಂ ಲೇಔಟ್‌ನ ಓದುಗ

ಉತ್ತರ: ನಿಜ ಕಣಪ್ಪ, ಭೌತಶಾಸ್ತ್ರದ ಪ್ರಕಾರ ನಿಜ. ಜೆ-ಪೈಪ್ ಅಂದ್ರೆ ಇದೇ: ಪೈಪಿನ ಪಕ್ಕಕ್ಕೆ ತುದಿ ಮುಚ್ಚಿದ ಇನ್ನೊಂದು ಪೈಪ್ ವೆಲ್ಡ್ ಮಾಡಿದ್ರೆ ಸದ್ದು ಅದರೊಳಗೆ ಹೋಗಿ ಮುಚ್ಚಿದ ತುದಿಗೆ ಹೊಡೆದು ವಾಪಸ್ ಬರತ್ತೆ, ಬರೋ ಹೊತ್ತಿಗೆ ಸರಿಯಾಗಿ ಉಲ್ಟಾ ಆಗಿರತ್ತೆ, ಎರಡೂ ಎದುರುಬದುರಾಗಿ ಸಾಯ್ತವೆ. ಅದಕ್ಕೆ ಪೈಪಿನ ಉದ್ದ ಅಲೆಯ ನಾಲ್ಕನೇ ಒಂದು ಭಾಗ ಇರಬೇಕು. ಬಿಸಿ ಹೊಗೆಯಲ್ಲಿ ಸದ್ದು ಮಾಮೂಲಿ ಗಾಳಿಗಿಂತ ಬೇಗ ಓಡೋದ್ರಿಂದ ಅಲೆಯೂ ಉದ್ದ ಆಗತ್ತೆ, 80 ಹರ್ಟ್ಜ್ ಕೊಲ್ಲೋಕೆ ಒಂದೂಕಾಲಿಂದ ಒಂದೂವರೆ ಮೀಟರ್ ಪೈಪ್ ಬೇಕು. ಅಷ್ಟುದ್ದ ಪೈಪ್ ನಿನ್ನ ಗಾಡಿ ಕೆಳಗೆ ಎಲ್ಲಿ ಮಡಚ್ತೀಯಾ, ಮಡಚಿದ್ರೂ ಒಂದು ಆರ್‌ಪಿಎಂ ಹತ್ರ ಮಾತ್ರ ಕೆಲಸ ಮಾಡತ್ತೆ, ಉಳಿದ ಕಡೆ ಹಾಗೇ. ಅರ್ಧ ಅಡಿ ಆಚೀಚೆ ಆದ್ರೆ ಅದೂ ಇಲ್ಲ.

ಆದ್ರೆ ಕಂಪನಿ ಸೈಲೆನ್ಸರ್ ಕಿತ್ತು ಜೋರು ಸದ್ದಿಂದು ಹಾಕಿರೋದೇ ತಪ್ಪು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 190(2)ರಲ್ಲಿ ಸದ್ದು, ಹೊಗೆಯ ನಿಯಮ ಮೀರಿದ್ರೆ 2019ರ ತಿದ್ದುಪಡಿ ಆದ್ಮೇಲೆ 10,000 ರೂಪಾಯಿ ತನಕ ದಂಡ, ಮೂರು ತಿಂಗಳ ತನಕ ಜೈಲು, ಇಲ್ಲ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸಿಗೂ ಕತ್ತರಿ. ಮನೆಗಳಿರೋ ಏರಿಯಾದಲ್ಲಿ ರಾತ್ರಿ ಹತ್ತರ ಮೇಲೆ ಸದ್ದು 45 ಡೆಸಿಬೆಲ್ ಮೀರಬಾರದು ಅಂತ ಕಾನೂನು, ನಿನ್ನ ಗಾಡಿ ಮಡಿವಾಳದಲ್ಲಿದ್ರೆ ಬಿಟಿಎಂನಲ್ಲಿ ಮಗು ಏಳತ್ತೆ. ಹಳೇ ಸೈಲೆನ್ಸರ್ ಗುಜರಿಗೆ ಹಾಕಿಲ್ಲ ತಾನೆ? ಅದನ್ನೇ ವಾಪಸ್ ಹಾಕು, ಡ್ರೋನೂ ಹೋಗತ್ತೆ, ಪೊಲೀಸ್ ಕಂಡ್ರೆ ಗಲ್ಲಿ ಹುಡುಕೋದೂ ತಪ್ಪತ್ತೆ. ಗಾಡಿ ಓಡಿಸ್ತಾ ಫೋನಲ್ಲಿ ಮಾತಾಡ್ತೀನಿ ಅಂತ ಪತ್ರಿಕೆಗೇ ಬರೆದಿದೀಯಲ್ಲ, ಅದಕ್ಕೆ ಬೇರೆ ಬೈಬೇಕು.

ಪ್ರಶ್ನೆ: ಹೊಸ ಮೂರು ಸಿಲಿಂಡರ್ ಗಾಡಿ, ಸಿಗ್ನಲ್ಲಲ್ಲಿ ಎಸಿ ಹಾಕಿ ನಿಂತ್ರೆ ಸೀಟು, ಸ್ಟೀರಿಂಗ್ ಎಲ್ಲ ಜುಂ ಅನ್ನತ್ತೆ. ಸೈಲೆನ್ಸರ್ ದೋಷನಾ?
– ವೈಟ್‌ಫೀಲ್ಡ್‌ನ ಓದುಗರು

ಉತ್ತರ: ಅಲ್ಲ, ಅದು ಆ ಇಂಜಿನ್ನಿನ ಹುಟ್ಟುಗುಣ. ಮೂರು ಸಿಲಿಂಡರಲ್ಲಿ ಒಂದು ಸುತ್ತಿಗೆ ಒಂದೂವರೆ ಗುದ್ದು ಮಾತ್ರ, 800 ಆರ್‌ಪಿಎಂ ಐಡ್ಲಿಂಗಲ್ಲಿ ಸೆಕೆಂಡಿಗೆ 20. ಅಷ್ಟು ದಪ್ಪ ಸದ್ದು ಕಿವಿಗೆ ಕೇಳೋದಕ್ಕಿಂತ ಬೆನ್ನಿಗೆ ಗೊತ್ತಾಗೋದು ಜಾಸ್ತಿ. ಎಸಿ ಹಾಕಿದಾಗ ಕಂಪ್ರೆಸರ್ ಭಾರ ಬೇರೆ. ನ್ಯೂಟ್ರಲ್ ಮಾಡಿ ನಿಲ್ಲಿ. ಶೋರೂಮಲ್ಲಿ ಅದೇ ಮಾಡೆಲ್‌ನ ಡೆಮೋ ಗಾಡಿಯಲ್ಲಿ ಕೂತು ನೋಡಿ, ಅದಕ್ಕಿಂತ ನಿಮ್ಮದು ಜಾಸ್ತಿ ನಡುಗಿದ್ರೆ ವಾರಂಟಿಯಲ್ಲೇ ಇಂಜಿನ್ ಮೌಂಟಿಂಗ್ ಚೆಕ್ ಮಾಡಿಸಿ.

ಪ್ರಶ್ನೆ: 60ರ ಮೇಲೆ ಹೋದ್ರೆ ಕಿವಿಗೆ ಧಬ ಧಬ ಧಬ ಅಂತ ಹೊಡೆಯತ್ತೆ, ಹೆಲಿಕಾಪ್ಟರ್ ಥರ. ಎರಡು ಕಡೆ ಸೈಲೆನ್ಸರ್ ತೋರಿಸಿದೆ, ಏನೂ ಇಲ್ಲ ಅಂದ್ರು. ಹಿಂದಿನ ಒಂದು ಕಿಟಕಿ ಇಳಿಸಿದ್ದಾಗಲೇ ಜಾಸ್ತಿ.
– ಬನಶಂಕರಿಯ ಓದುಗರು

ಉತ್ತರ: ಏನೂ ಇಲ್ಲ ಅಂದವರು ಸರಿಯಾಗೇ ಹೇಳಿದಾರೆ. ಖಾಲಿ ಬಾಟ್ಲಿ ಬಾಯಿಗೆ ಊದಿದ್ರೆ ಬೂಂ ಅನ್ನತ್ತಲ್ಲ, ನಿಮ್ಮ ಗಾಡಿ ಈಗ ಆ ಬಾಟ್ಲಿ, ಇಳಿಸಿದ ಹಿಂದಿನ ಕಿಟಕಿ ಅದರ ಬಾಯಿ, ಊದ್ತಿರೋದು ರೋಡಿನ ಗಾಳಿ. ಮುಂದಿನ ಕಿಟಕಿ ಎರಡು ಬೆರಳಷ್ಟು ಇಳಿಸಿ, ನಿಂತುಹೋಗತ್ತೆ.

ಪ್ರಶ್ನೆ: ಅಣ್ಣಾ, ನಾನು ಕ್ಯಾಬ್ ಓಡಿಸ್ತೀನಿ. ಹಂಪಲ್ಲಿ ಎರಡು ಸಲ ಕೆಳಗೆ ಉಜ್ಜಿದ ಮೇಲೆ ಐಡ್ಲಿಂಗಲ್ಲಿ ಚರ ಚರ ಅಂತ ತಗಡಿನ ಸದ್ದು, ರೈಸ್ ಮಾಡಿದ್ರೆ ಹೋಗತ್ತೆ. ಕಸ್ಟಮರ್ ಎಲ್ಲ ಗಾಡಿ ಸರಿ ಇಲ್ಲ ಅಂತ ಕಮ್ಮಿ ಸ್ಟಾರ್ ಕೊಡ್ತಾರೆ. ಗ್ಯಾರೇಜಲ್ಲಿ ಸೈಲೆನ್ಸರ್ ಸೆಟ್ಟೇ ಹೋಗಿದೆ ಅಂತಾರೆ.
– ಲಗ್ಗೆರೆಯ ಓದುಗರು

ಉತ್ತರ: ಸೆಟ್ಟು ಬದಲಾಯಿಸೋ ಮುಂಚೆ ಒಂದು ಸಲ ಹೀಟ್ ಶೀಲ್ಡ್ ನೋಡಪ್ಪ. ಪೈಪಿನ ಕಾವು ಮೇಲಕ್ಕೆ ಬರದೇ ಇರ್ಲಿ ಅಂತ ಸುತ್ತ ಒಂದು ತೆಳು ತಗಡು ಇರತ್ತೆ, ಅದರ ಬೋಲ್ಟ್ ತುಕ್ಕು ಹಿಡಿದು ಕಿತ್ತು ಬಂದ್ರೆ ನೀನು ಹೇಳಿದ ಚರ ಚರ ಸದ್ದೇ ಬರೋದು. ಗಾಡಿ ತಣ್ಣಗಾದ ಮೇಲೆ ಉದ್ದ ಸ್ಕ್ರೂಡ್ರೈವರಿಂದ ಆ ತಗಡು ಒತ್ತಿ ಹಿಡಿದು ಬೇರೆಯವರಿಗೆ ಸ್ಟಾರ್ಟ್ ಮಾಡೋಕೆ ಹೇಳು, ಸದ್ದು ನಿಂತ್ರೆ ಅದೇ. ಸ್ಟೀಲಿನ ದೊಡ್ಡ ಹೋಸ್ ಕ್ಲಿಪ್ ತಂದು ತಗಡು ಪೈಪು ಎರಡಕ್ಕೂ ಸೇರಿಸಿ ಬಿಗಿ, ನೂರು ರೂಪಾಯಿ ಒಳಗೆ ಮುಗಿಯತ್ತೆ. ಕಿರಿಕಿರಿ ಅಂತ ಆ ತಗಡು ಕಿತ್ತು ಬಿಸಾಕಬೇಡ, ಕೆಳಗಡೆ ಒಣಗಿದ ಹುಲ್ಲು ಸಿಕ್ಕಾಕೊಂಡ್ರೆ ಹತ್ಕೊಳತ್ತೆ, ಮತ್ತೆ ಅದರ ಮೇಲೆ ಆಂಟಿ-ರಸ್ಟ್ ಕೋಟಿಂಗ್ ಹೊಡೆಯೋಕೂ ಬಿಡಬೇಡ, ವಾರವಿಡೀ ಸುಟ್ಟ ವಾಸನೆ ಬಂದು ಇರೋ ಸ್ಟಾರೂ ಹೋಗತ್ತೆ.